ಈಶ್ವರಯ್ಯನವರು ಎಣ್ಣೆ ಬಿಟ್ಟದ್ದು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಈಶ್ವರಯ್ಯನವರು ಹುಟ್ಟಿದಾರಭ್ಯ ಕಾಫಿಗಿಂತ ಗಟ್ಟಿಯಾದ ಯಾವ ಪಾನೀಯವನ್ನೂ ತುಟಿಗೆ ಸೋಕಿಸಿದವರಲ್ಲ. ಕಾಫಿಗೂ ಹಾಲು ಹೆಚ್ಚು ಬೇಕು. ಅಂಥವರು ಅರಕಲಗೂಡಿನ ಮದ್ಯವರ್ಜನ ಶಿಬಿರದಲ್ಲಿ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಕುಡಿತ ಬಿಟ್ಟವರಿಗೆಲ್ಲ ಆದರ್ಶ ಎನಿಸಿಕೊಂಡದ್ದು ಹೇಗೆ ಎಂಬುದನ್ನು ಊರಿನಲ್ಲಿ ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ನಡೆದದ್ದು ಹೀಗೆ.

ಈಶ್ವರಯ್ಯನವರಿಗೆ ಒಂದು ಡೀಸೆಲ್ ಕಾರಿತ್ತು. ಹಾಸನದ ಒಬ್ಬ ಡಾಕ್ಟರಿಂದ ಕೊಂಡದ್ದು. ಡಾಕ್ಟರ ಕೈಯಲ್ಲಿದ್ದ ಗಾಡಿಗೆ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯಿಂದ ಕೊಂಡಿದ್ದರು. ಆದರೆ ಕಾರು ಮೊಸಳೆ ಎಂಬ ಊರಿನ ಹತ್ತಿರದ ಏರಿನಲ್ಲಿ ತಿಣುಕತೊಡಗಿತು. ಹಿಂದೆ ಬರುವ ಬೈಕಿನವರು ಮುಖ ಮುಚ್ಚಿಕೊಳ್ಳುವಷ್ಟು ಹೊಗೆ ಬಿಡತೊಡಗಿತು. ಹಾಸನದ ಮೆಕ್ಯಾನಿಕ್ ರಜನೀಶ್ ಬಾನೆಟ್ ಎತ್ತಿ, ಒಂದು ದಪ್ಪ ರಬ್ಬರ್ ಪೈಪನ್ನು ಕಿತ್ತು, ಒಳಗೆ ಬೆರಳಾಡಿಸಿ ತೋರಿಸಿದ. ಬೆರಳು ಕಾಡಿಗೆ ಡಬ್ಬಿಯಲ್ಲಿ ಅದ್ದಿದಂತಿತ್ತು.

"ನೋಡಿ ಸಾ, ಎಂಜಿನ್ ಒಳಗೆ ಆಯಿಲ್ ಕಾದು ಆವಿ ಆಯ್ತದೆ. ಆ ಆವಿ ಈ ಸಣ್ಣ ಪೈಪಲ್ಲಿ ಮ್ಯಾಕ್ಕೆ ಬಂದು, ಎಂಜಿನ್ ಗಾಳಿ ಎಳ್ಕೊಳ್ಳೋ ಬಾಯಿಗೇ ವಾಪಸ್ ಓಯ್ತದೆ. ಗಾಳಿ ಜೊತೆ ಎಣ್ಣೇನೂ ಎಳ್ಕೊಂಡು ಎಳ್ಕೊಂಡು ಒಳಗೆಲ್ಲ ಮಡ್ಡಿ ಕಟ್ಕೊಂಡದೆ."

"ಏನು ಮಾಡ್ಬೇಕು ಈಗ?"

"ಕ್ಲೀನ್ ಮಾಡ್ಕೊಡ್ತೀನಿ. ಆಮೇಲೆ ಈ ಸಣ್ಣ ಪೈಪಿಗೂ ಆ ಬಾಯಿಗೂ ಮಧ್ಯ ಒಂದು ಡಬ್ಬಿ ಕೂರಿಸ್ಬೇಕು. ಆವಿ ಡಬ್ಬಿ ಒಳಗೆ ಬಂದು ತಣ್ಣಗಾಗಿ, ಎಣ್ಣೆ ತಳದಲ್ಲಿ ನಿಲ್ತದೆ. ಬರೀ ಗಾಳಿ ಒಳಕ್ಕೋಯ್ತದೆ. ಆಗಾಗ ಡಬ್ಬಿ ಖಾಲಿ ಮಾಡ್ತಾ ಇದ್ರಾಯ್ತು. ರೆಡಿಮೇಡ್ ಡಬ್ಬಿ ಬತ್ತದೆ, ತರಿಸ್ಲಾ?"

ಇಲ್ಲಿ ಈಶ್ವರಯ್ಯನವರ ಸ್ವಾಭಿಮಾನ ಕೆರಳಿತು. ಅವರದು ಮೂರು ತಲೆಮಾರಿನಿಂದ ಡಬ್ಬಿ ಮಾರಿಕೊಂಡು ಬಂದ ಮನೆ. ಅಜ್ಜ ಹಿತ್ತಾಳೆ ಡಬ್ಬಿ ಮಾರಿದರು, ಅಪ್ಪ ಅಲ್ಯೂಮಿನಿಯಂ ಡಬ್ಬಿ ಮಾರಿದರು, ಇವರು ಸ್ಟೀಲ್ ಡಬ್ಬಿ ಮಾರುತ್ತಿದ್ದಾರೆ. ಅಂಥ ವಂಶದವನು ಡಬ್ಬಿಯನ್ನು ಹೊರಗಿನಿಂದ ತರಿಸುವುದೆಂದರೆ ಅರ್ಚಕರು ಮಂಗಳಾರತಿಗೆ ಬಾಡಿಗೆ ತಟ್ಟೆ ತಂದ ಹಾಗೆ.

"ಡಬ್ಬಿ ನಾನು ತತ್ತೀನಿ. ನೀನು ತೂತು ಹೊಡಿ ಸಾಕು" ಎಂದರು.

ಊರಿಗೆ ಬಂದು ಅಂಗಡಿಯಲ್ಲಿ ಹುಡುಕಿದರೆ ಯಾವ ಡಬ್ಬಿಯ ಮುಚ್ಚಳವೂ ಆವಿ ತಡೆಯುವಷ್ಟು ಬಿಗಿಯಾಗಿರಲಿಲ್ಲ. ಬಿಗಿಯಾದ ಮುಚ್ಚಳ, ಒಳಗೆ ರಬ್ಬರ್ ಪಟ್ಟಿ, ಮೇಲೆ ಕ್ಲಿಪ್ಪು ಇದ್ದ ಡಬ್ಬಿಗಳ ಒಂದೇ ಒಂದು ಸೆಟ್ಟು ಮನೆಯ ಅಟ್ಟದ ಮೇಲಿತ್ತು. ಮಗಳು ಪ್ರೇಕ್ಷಾಳ ಮದುವೆಗೆಂದು ಹೆಂಡತಿ ಪ್ರೇಮಕುಮಾರಿ ಅರಿಶಿನ ಕುಂಕುಮವಿಟ್ಟು ಎತ್ತಿಟ್ಟಿದ್ದ ಸೆಟ್ಟು. ಹೆಂಡತಿ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಈಶ್ವರಯ್ಯನವರು ಅಟ್ಟ ಹತ್ತಿ ಅದರಲ್ಲಿ ಒಂದನ್ನು ಇಳಿಸಿದರು. ಉಳಿದ ಡಬ್ಬಿಗಳನ್ನು ಒಂದಕ್ಕೊಂದು ದೂರದೂರವಾಗಿ ಜೋಡಿಸಿ, ಖಾಲಿ ಜಾಗ ಕಾಣದ ಹಾಗೆ ಮಾಡಿದರು. ರಜನೀಶ್ ಅದಕ್ಕೆ ಎರಡು ತೂತು ಕೊರೆದು, ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿ, ಪೈಪು ಜೋಡಿಸಿ, ಬಾನೆಟ್ ಒಳಗೆ ಕೂರಿಸಿಕೊಟ್ಟ. ಕಾರಿನ ಹೊಗೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಪ್ರೇಕ್ಷಾಳ ಮದುವೆಯ ಮಾತೂ ಕುದುರುತ್ತಿತ್ತು. ಆಕೆ ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಳು. ಹುಡುಗ ಸಂಜಯ್ ದನದ ಡಾಕ್ಟರು. ಅವನ ತಂದೆ ಸಿದ್ದೇಶ್ವರ ಅವರು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು; ಹತ್ತು ಮಾತಿಗೆ ಒಂದು ಮಾತು ಆಡುವವರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ದೊಡ್ಡವರು ಕೂತು ಮಾತು ಮುಗಿಸುವುದಷ್ಟೇ ಬಾಕಿ.

ಹೀಗಿರುವಾಗ ಒಂದು ಬೆಳಿಗ್ಗೆ ಈಶ್ವರಯ್ಯನವರು ಮಹಡಿಯ ಮೇಲೆ ನಿಂತು ರಜನೀಶನಿಗೆ ಫೋನ್ ಮಾಡಿದರು. ಗಾಡಿ ಇಟ್ಟವರಿಗೆ ಒಂದು ಅಭ್ಯಾಸವಿರುತ್ತದೆ: ಗಾಡಿಯ ವಿಷಯ ಹೇಳುವಾಗ ಗಾಡಿ ಎಂಬ ಮಾತನ್ನೇ ಬಿಟ್ಟುಬಿಡುತ್ತಾರೆ. ಎಲ್ಲ 'ನಂದು' ಎಂದೇ. ಪಕ್ಕದ ಮಹಡಿಯಲ್ಲಿ ಸಂಡಿಗೆ ಹಾಕುತ್ತ ಕೂತಿದ್ದ ಜಯಲಕ್ಷ್ಮಮ್ಮನವರಿಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಎಣ್ಣೆ ಒಳಕ್ಕೆ ಹೋಗೋದು ಕಮ್ಮಿ ಆಯ್ತು ಕಣಪ್ಪ, ಪೂರ್ತಿ ನಿಂತಿಲ್ಲ. ಹೂಂ, ದಿನಾ. ನಂದು ಬೆಳಿಗ್ಗೆ ಎದ್ದ ತಕ್ಷಣ ನಡುಕ, ಸ್ವಲ್ಪ ಬಿಸಿ ಆದ್ಮೇಲೆ ಸರಿ ಹೋಯ್ತದೆ. ಏರು ಹತ್ತಿದ್ರೆ ಏದುಸಿರು. ಒಳಗೆ ಇನ್ನೂ ಮಡ್ಡಿ ಇರಬೇಕು. ಅಯ್ಯೋ, ಮನೇಲಿ ಹೇಳಿಲ್ಲ, ಹೇಳಿದ್ರೆ ನನ್ನೂ ಡಬ್ಬೀನೂ ಸೇರಿಸಿ ಬೀದಿಗೆ ಎಸೀತಾಳೆ. ಏನಾರ ಆಗ್ಲಿ, ಪ್ರೇಕ್ಷಾ ಮದುವೆ ಒಳಗೆ ಈ ಎಣ್ಣೆ ನಿಲ್ಲಿಸ್ಲೇಬೇಕು ರಜನೀಶ."

ಜಯಲಕ್ಷ್ಮಮ್ಮನವರ ಕೈಯ ಸಂಡಿಗೆ ಹಿಟ್ಟು ಕೈಯಲ್ಲೇ ಉಳಿಯಿತು. ಅವರು ಚಾಡಿಕೋರರಲ್ಲ, ಪಕ್ಕದ ಮನೆಯ ಕಷ್ಟವನ್ನು ತಮ್ಮದೆಂದುಕೊಳ್ಳುವ ಮೃದು ಹೃದಯದವರು. ಇದನ್ನು ಯಾರಿಗೂ ಹೇಳಬಾರದೆಂದು ಆ ಕ್ಷಣವೇ ತೀರ್ಮಾನಿಸಿದರು. ಆದ್ದರಿಂದ ಹಿಟ್ಟಿನ ಗಿರಣಿಯಲ್ಲಿ ಒಬ್ಬರಿಗೆ ಮಾತ್ರ ಹೇಳಿದರು.

ಆ ವಾರದಿಂದ ಊರು ಈಶ್ವರಯ್ಯನವರನ್ನು ಕಾಣುವ ಬಗೆ ಬದಲಾಯಿತು. ಹೋಟೆಲಿನವನು ಕೇಳದೆಯೇ ನಿಂಬೆಹಣ್ಣು ಹಿಂಡಿದ ಮಜ್ಜಿಗೆ ತಂದಿಟ್ಟು, "ನಿಧಾನಕ್ಕೆ ಕುಡೀರಿ ಸಾ, ಇಳೀತದೆ" ಎಂದ. ಏನು ಇಳಿಯುತ್ತದೆಂದು ತಿಳಿಯದಿದ್ದರೂ ಈಶ್ವರಯ್ಯನವರು ಮಜ್ಜಿಗೆ ಚೆನ್ನಾಗಿದ್ದುದರಿಂದ ಕುಡಿದರು. ಬಸ್ ಸ್ಟ್ಯಾಂಡಿನ ಬಾರಿನ ಮೆಟ್ಟಿಲ ಮೇಲೆ ಸದಾ ಕೂತಿರುವ ದೇವರಾಜು, ಇಷ್ಟು ವರ್ಷ ಇವರನ್ನು ಕಂಡರೆ ಬೀಡಿ ಬಚ್ಚಿಡುತ್ತಿದ್ದವನು, ಈಗ ಕೂತಲ್ಲಿಂದಲೇ ಕೈ ಎತ್ತಿ, "ಏನಣ್ಣ, ಈ ಕಡೀಕೆ ಬರಾಕಿಲ್ವಾ? ಯಾವಾಗ್ಲೂ ಆಸನಕ್ಕೇ ಓಯ್ತೀರಂತೆ" ಎಂದು ವಿಚಾರಿಸಿದ.

"ಹಾಸನದಲ್ಲಿ ಕೆಲಸ ನೀಟು ಕಣಪ್ಪ" ಎಂದರು ಈಶ್ವರಯ್ಯನವರು. ದೇವರಾಜುವಿಗೆ ಅದು ಸ್ಥಳೀಯ ಬಾರಿನ ಮೇಲಿನ ಟೀಕೆಯಂತೆ ಕೇಳಿ ಸ್ವಲ್ಪ ಬೇಸರವಾಯಿತು.

ಸುದ್ದಿ ಪ್ರೇಮಕುಮಾರಿಯ ಕಿವಿಗೆ ಬಿದ್ದದ್ದು ಎಲ್ಲರಿಗಿಂತ ಕೊನೆಗೆ. ಆಕೆ ನಂಬಲಿಲ್ಲ. ನಂಬದಿದ್ದರೂ ಗಂಡನ ಅಂಗಿ ಮೂಸಿ ನೋಡಿದರು. ಅಂಗಿಯಿಂದ ಎಂಥದೋ ಘಾಟು ಬಂತು. ಮದ್ಯದ ವಾಸನೆ ಹೇಗಿರುತ್ತದೆಂದು ಆಕೆಗೆ ಗೊತ್ತಿರಲಿಲ್ಲ. ಹಾಗಾಗಿ ಇದು ಅದಲ್ಲ ಎನ್ನಲು ಆಧಾರವೂ ಇರಲಿಲ್ಲ. ಅಂಗಡಿಗೆ ಹೋಗಿ, ಗಂಡ ಊಟಕ್ಕೆ ಹೋದಾಗ ಕುಕ್ಕರುಗಳ ಹಿಂದೆ ತಡಕಿದರು. ಚಪ್ಪಟೆಯಾದ ಒಂದು ಬಾಟಲಿ ಸಿಕ್ಕಿತು. ಡಬ್ಬಿಯಲ್ಲಿ ಎಷ್ಟು ಎಣ್ಣೆ ಸೇರಿತೆಂದು ರಜನೀಶನಿಗೆ ತೋರಿಸಲು ಗಾಜಿನ ಬಾಟಲಿಯೇ ಬೇಕಾಗಿ, ಈಶ್ವರಯ್ಯನವರು ಅಂಗಡಿಯ ಹಿಂದಿನ ಚರಂಡಿ ಪಕ್ಕ ಬಿದ್ದಿದ್ದುದನ್ನು ತೊಳೆದು ತುಂಬಿಸಿಟ್ಟದ್ದು ಅದು. ಕಂದು ಬಣ್ಣ. ಮುಚ್ಚಳ ತೆಗೆದು ಮೂಸಿದರೆ ಪ್ರೇಮಕುಮಾರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಕೆಟ್ಟದ್ದನ್ನು ಕುಡಿಯಬೇಕಾದರೆ ಮನುಷ್ಯನಿಗೆ ಎಂಥ ದುಃಖವಿರಬೇಕು ಎಂದು ಆಕೆ ಅಳುತ್ತ ಅಣ್ಣನಿಗೆ ಫೋನ್ ಮಾಡಿದರು.

ಅಣ್ಣ ನಂಜಪ್ಪನವರು ಅರಕಲಗೂಡಿನಲ್ಲಿ ಮದ್ಯವರ್ಜನ ಶಿಬಿರಗಳ ಸಮಿತಿಗೆ ಅಧ್ಯಕ್ಷರು. ಕುಡಿತ ಬಿಡಿಸುವುದರಲ್ಲಿ ಅವರದು ಒಳ್ಳೆಯ ಕೈಗುಣ. ಕೆಲವರಿಗಂತೂ ಮೂರು ನಾಲ್ಕು ಸಲ ಬಿಡಿಸಿದ್ದರು. ಮಾರನೆಯ ಬೆಳಿಗ್ಗೆಯೇ ಹೊಳೆನರಸೀಪುರಕ್ಕೆ ಬಂದು, ನಡುಮನೆಯಲ್ಲಿ ಈಶ್ವರಯ್ಯನವರನ್ನು ಎದುರಿಗೆ ಕೂರಿಸಿಕೊಂಡು, ಬಾಗಿಲು ಮುಂದಕ್ಕೆ ಹಾಕಿಸಿದರು. ಪ್ರೇಮಕುಮಾರಿ ಕಂಬಕ್ಕೆ ಒರಗಿ ನಿಂತರು. ಜಯಲಕ್ಷ್ಮಮ್ಮನವರು ಹೆಪ್ಪಿಗೆ ಮೊಸರು ಕೇಳಲು ಬಂದವರು ಅಲ್ಲೇ ನಿಂತರು.

"ಭಾವ, ನಾನು ಬೈಯಕ್ಕೆ ಬಂದಿಲ್ಲ" ಎಂದರು ನಂಜಪ್ಪನವರು. "ನಂಗೆಲ್ಲಾ ಗೊತ್ತಾಯ್ತು. ನೀವೇ ಬಾಯಿಬಿಟ್ಟು ಹೇಳ್ಬುಟ್ರೆ ಮನಸ್ಸು ಹಗುರಾಯ್ತದೆ. ಎಷ್ಟು ದಿನದಿಂದ?"

ಈಶ್ವರಯ್ಯನವರ ಎದೆಯಲ್ಲಿ ಆಗ ಇದ್ದ ಗುಟ್ಟು ಒಂದೇ. ಅಟ್ಟದ ಡಬ್ಬಿ. ಅದಕ್ಕಾಗಿ ಭಾವನನ್ನು ಅರಕಲಗೂಡಿನಿಂದ ಕರೆಸುವಷ್ಟು ದೂರ ಹೆಂಡತಿ ಹೋಗಿದ್ದಾಳೆಂದರೆ ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದುಕೊಂಡರು.

"ಒಂದು ತಿಂಗಳ ಮೇಲಾಯ್ತು ಭಾವ."

"ಯಾರು ಕಲಿಸಿದ್ದು?"

"ಹಾಸನದ ರಜನೀಶ ಅಂತ. ಅವನ ಶೆಡ್ಡಲ್ಲೇ ಇಬ್ರೂ ಕೂತು ಮಾಡಿದ್ವಿ."

"ಮನೆ ಸಾಮಾನು ಏನಾರ ಕಳೆದ್ರಾ ಇದಕ್ಕೆ?"

ಈಶ್ವರಯ್ಯನವರು ತಲೆ ತಗ್ಗಿಸಿದರು. "ಪ್ರೇಕ್ಷಾ ಮದುವೆಗೆ ಅಂತ ಎತ್ತಿಟ್ಟಿದ್ರಲ್ಲೇ ಕೈ ಹಾಕ್ಬುಟ್ಟೆ. ತಪ್ಪಾಯ್ತು."

ಪ್ರೇಮಕುಮಾರಿ ಕಂಬ ಹಿಡಿದುಕೊಂಡು ಕುಸಿದರು. ಜಯಲಕ್ಷ್ಮಮ್ಮನವರು ಅವರನ್ನು ಹಿಡಿದುಕೊಂಡು, "ಅಳ್ಬ್ಯಾಡಿ ಪ್ರೇಮಕ್ಕ, ಒಪ್ಕೊಂಡವ್ರಲ್ಲ, ಅರ್ಧ ಗೆದ್ದಂಗೇಯ" ಎಂದರು.

"ಬಿಡ್ತೀರಾ?" ಎಂದರು ನಂಜಪ್ಪನವರು.

"ಈಗ ತೂತು ಹೊಡೆಸಿ ಆಯ್ತಲ್ಲ ಭಾವ. ವಾಪಸ್ ಅಟ್ಟಕ್ಕೆ ಇಟ್ರೂ ಉಪಯೋಗಕ್ಕೆ ಬರಲ್ಲ."

ನಂಜಪ್ಪನವರಿಗೆ ಈ ಉತ್ತರ ತಿಳಿಯಲಿಲ್ಲ. ಬೆಳಿಗ್ಗೆಯೇ ತೊದಲುತ್ತಿದ್ದಾರೆಂದು ನೊಂದುಕೊಂಡು, ತಂಗಿ ಕೊಟ್ಟಿದ್ದ ಬಾಟಲಿಯನ್ನು ಜೇಬಿನಿಂದ ತೆಗೆದು ಮುಂದಿಟ್ಟರು. ಈಶ್ವರಯ್ಯನವರು ಬಾಟಲಿಯನ್ನು ನೋಡಿದರು, ಭಾವನನ್ನು ನೋಡಿದರು, ಜಯಲಕ್ಷ್ಮಮ್ಮನವರನ್ನೂ ನೋಡಿದರು. ಆಗ ಅವರಿಗೆ ಮಜ್ಜಿಗೆಯ ಅರ್ಥವೂ ಆಯಿತು.

"ರಾಮ ರಾಮ. ಇದು ಎಂಜಿನ್ ಎಣ್ಣೆ" ಎಂದರು.

"ಕುಡಿಯೋರು ಒಬ್ಬೊಬ್ಬರು ಒಂದೊಂದು ಹೆಸರು ಇಡ್ತಾರೆ. ಕೆಲವರು ಔಷಧಿ ಅಂತಾರೆ."

"ಬನ್ನಿ ಭಾವ, ತೋರಿಸ್ತೀನಿ" ಎಂದು ಈಶ್ವರಯ್ಯನವರು ಎಲ್ಲರನ್ನೂ ಕಾರಿನ ಬಳಿಗೆ ಕರೆದುಕೊಂಡು ಹೋಗಿ ಬಾನೆಟ್ ಎತ್ತಿದರು. ಸತ್ಯ ಕಣ್ಣೆದುರಿಗಿದ್ದರೆ ವಾದ ಬೇಕಿಲ್ಲ ಎಂಬುದು ಅವರ ಎಣಿಕೆ.

ನಂಜಪ್ಪನವರು ಬಗ್ಗಿ ನೋಡಿದರು. ಬಿಗಿಯಾಗಿ ಮುಚ್ಚಿದ ಪಾತ್ರೆ. ಒಂದು ಪೈಪಿನಲ್ಲಿ ಒಳಗೆ ಹೋಗುವ ಆವಿ. ತಣ್ಣಗಾಗಿ ತಳದಲ್ಲಿ ನಿಲ್ಲುವ ಕಂದು ನೀರು. ಕಳ್ಳಬಟ್ಟಿಯ ವಿರುದ್ಧ ಇಪ್ಪತ್ತು ವರ್ಷ ಭಾಷಣ ಮಾಡಿದ ಮನುಷ್ಯನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೆಲ್ಲನೆ ಬಾನೆಟ್ ಇಳಿಸಿ, ಬೀದಿಯ ಎರಡೂ ಕಡೆ ನೋಡಿ, "ಭಾವ, ಓಡೋ ಗಾಡೀಲೇ ಇಳಿಸ್ತಿದ್ದೀರಾ" ಎಂದು ಪಿಸುಗುಟ್ಟಿದರು. ಪ್ರೇಮಕುಮಾರಿ ಕಂಡದ್ದು ಡಬ್ಬಿಯನ್ನು ಮಾತ್ರ. "ಅಯ್ಯೋ, ನನ್ನ ಮಗಳ ಡಬ್ಬಿ" ಎಂದು ಮತ್ತೆ ಅಳತೊಡಗಿದ್ದರಿಂದ, ಆರೋಪಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು.

ಆ ಶನಿವಾರ ಪ್ರೇಕ್ಷಾ ಹಾಸನದಿಂದ ಬಂದಳು. ಬಾನೆಟ್ ಎತ್ತಿ ನೋಡಿ, ಫೋನಿನಲ್ಲಿ ಅದೇ ರೀತಿಯ ಡಬ್ಬಿಗಳ ಚಿತ್ರ ತೆಗೆದು ಅಮ್ಮನಿಗೆ ತೋರಿಸಿ, ವಿಷಯ ಬಿಡಿಸಿ ಹೇಳಿದಳು. ಪ್ರೇಮಕುಮಾರಿಗೆ ಅರ್ಥವಾಯಿತು. ಗಂಡ ಕುಡಿಯುತ್ತಾನೆಂಬ ದುಃಖ ಹೋಗಿ, ಡಬ್ಬಿ ಕೆಡಿಸಿದನೆಂಬ ಸಿಟ್ಟು ಬಂತು. ಈಶ್ವರಯ್ಯನವರಿಗೆ ಹಿಂದಿನ ಸ್ಥಿತಿಯೇ ವಾಸಿ ಎನಿಸಿತು. ಆಗ ಹೊತ್ತಿಗೆ ಸರಿಯಾಗಿ ಊಟವಾದರೂ ಸಿಗುತ್ತಿತ್ತು.

ಆದರೆ ಅಷ್ಟರಲ್ಲಿ ಕೈಮೀರಿ ಹೋಗಿತ್ತು. ಮುಚ್ಚಿಟ್ಟು ಹೆಣ್ಣು ಕೊಡುವುದು ಧರ್ಮವಲ್ಲ ಎಂದು ನಂಜಪ್ಪನವರು ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿ, ಡಬ್ಬಿ ಪೈಪು ಸಮೇತ ಎಲ್ಲವನ್ನೂ ಸಿದ್ದೇಶ್ವರ ಅವರಿಗೆ ಹೇಳಿಬಿಟ್ಟಿದ್ದರು. ಭಾವನನ್ನು ಈ ಸಲದ ಶಿಬಿರಕ್ಕೆ ಸೇರಿಸಿ ಸರಿಮಾಡಿಸುತ್ತೇನೆಂದು ಮಾತೂ ಕೊಟ್ಟಿದ್ದರು. ಸಿದ್ದೇಶ್ವರ ಅವರು ಕೇಳಿ, "ಸಮಾರೋಪಕ್ಕೆ ಬತ್ತೀನಿ. ಅಲ್ಲೇ ಮಾತಾಡಾನ" ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು. ಆ ಮಾತು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದು ಯಾರಿಗೂ ತಿಳಿಯಲಿಲ್ಲ.

"ಅಪ್ಪ, ಸಂಜಯ್ ನಂಬ್ತಾರೆ. ಅವರ ತಂದೆ ಏನಂತಾರೋ ಗೊತ್ತಿಲ್ಲ" ಎಂದಳು ಪ್ರೇಕ್ಷಾ. ಆಕೆಯ ದನಿ ಸಣ್ಣದಾಗಿತ್ತು. "ನೀವು ಒಬ್ಬೊಬ್ಬರಿಗೂ ಹೇಳ್ತಾ ಹೋದ್ರೆ ಆಗಲ್ಲ. ಶಿಬಿರಕ್ಕೆ ಹೋಗಿ. ಕೊನೇ ದಿನ ಮೈಕ್ ಕೊಡ್ತಾರೆ. ಎಲ್ಲರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ."

ಮಗಳ ಮುಖ ನೋಡಿ ಈಶ್ವರಯ್ಯನವರು ಒಪ್ಪಿದರು. ಚಾಪೆ, ಚೊಂಬು, ಟವೆಲು ಹಿಡಿದು ಅರಕಲಗೂಡಿಗೆ ಹೋದರು.

ಶಿಬಿರದಲ್ಲಿ ಅವರಂಥ ಶಿಬಿರಾರ್ಥಿಯನ್ನು ಯಾರೂ ಕಂಡಿರಲಿಲ್ಲ. ಬೇರೆಯವರು ಕೈ ನಡುಗಿ, ಬೆವರಿ, ಗೋಡೆ ಹಾರಲು ನೋಡುತ್ತಿದ್ದರೆ ಇವರು ಮುದ್ದೆ ಉಂಡು ಗೊರಕೆ ಹೊಡೆಯುತ್ತಿದ್ದರು. ಭಜನೆಯಲ್ಲಿ ತಾಳ ತಪ್ಪಲಿಲ್ಲ. ಪರೀಕ್ಷೆಗೆ ಬಂದ ಡಾಕ್ಟರು ಇವರ ರಕ್ತದ ರಿಪೋರ್ಟನ್ನು ಎರಡು ಸಲ ತಿರುವಿ ನೋಡಿ, "ಎಳೇ ಮಗುವಿನ ಲಿವರ್ ಹೀಗಿರುತ್ತೆ" ಎಂದರು. ನಂಜಪ್ಪನವರು ಅದನ್ನು ಶಿಬಿರದ ಸಾಧನೆ ಎಂದು ಬರೆಸಿ ಬಾಗಿಲಲ್ಲಿ ಅಂಟಿಸಿದರು. "ನಾನು ಕುಡಿದೋನೇ ಅಲ್ಲ" ಎಂದು ಈಶ್ವರಯ್ಯನವರು ದಿನವೂ ಹೇಳುತ್ತಿದ್ದರು. ಆಪ್ತಸಮಾಲೋಚಕರು ಬಹಳ ಸಂತೋಷಪಟ್ಟು, "ಹಿಂದಿನದನ್ನ ಅಷ್ಟರಮಟ್ಟಿಗೆ ಮರೀಬೇಕು, ನೋಡಿ ಕಲೀರಿ" ಎಂದು ಉಳಿದವರಿಗೆ ತೋರಿಸುತ್ತಿದ್ದರು.

ಸಮಾರೋಪದ ದಿನ ಸಮುದಾಯ ಭವನ ತುಂಬಿತ್ತು. ಪ್ರೇಕ್ಷಾ ಅಮ್ಮನನ್ನೂ ಜಯಲಕ್ಷ್ಮಮ್ಮನವರನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಸಿದ್ದೇಶ್ವರ ಅವರು ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಅವರ ಮುಖ ಒಣಗಿದ ಕೊಬ್ಬರಿಯಂತೆ, ಒಳಗೇನಿದೆ ಎಂಬುದನ್ನು ಬಿಟ್ಟುಕೊಡಲಿಲ್ಲ. ನಂಜಪ್ಪನವರು ಈಶ್ವರಯ್ಯನವರ ಕೈಗೆ ಮೈಕ್ ಕೊಟ್ಟರು.

"ಸ್ವಾಮಿ, ಕೈ ಮುಗಿದು ಹೇಳ್ತೀನಿ" ಎಂದು ಶುರುಮಾಡಿದರು ಈಶ್ವರಯ್ಯನವರು. "ಎಣ್ಣೆ ಕುಡೀತಾ ಇದ್ದದ್ದು ನಾನಲ್ಲ. ನನ್ನ ಎಂಜಿನ್ನು."

ಮುಂದಿನ ಸಾಲಿನ ಮುದುಕರೊಬ್ಬರು, "ಆಹಾ, ದೇಹಕ್ಕೆ ಎಂಜಿನ್ನು ಅಂದ್ರು" ಎಂದು ಪಕ್ಕದವರಿಗೆ ಅರ್ಥ ಹೇಳಿದರು.

"ಎಂಜಿನ್ ಇದ್ದಮೇಲೆ ಒಳಗೆ ಕಾವು ಇದ್ದೇ ಇರ್ತದೆ. ಕಾವಿದ್ದ ಮೇಲೆ ಹೊಗೆ ಏಳ್ತದೆ. ಅದನ್ನ ಯಾರೂ ತಪ್ಪಿಸಕ್ಕಾಗಲ್ಲ. ಆದ್ರೆ ಆ ಹೊಗೇನ ಮತ್ತೆ ಒಳಕ್ಕೇ ಎಳ್ಕೊಂಡ್ರೆ, ಎಳ್ಕೊಂಡಷ್ಟೂ ಮಡ್ಡಿ ಕಟ್ತದೆ. ಆಮೇಲೆ ಏರು ಹತ್ತಕ್ಕಾಗಲ್ಲ. ಹಿಂದೆ ಬರೋರ ಕಣ್ಣಿಗೆಲ್ಲ ಹೊಗೆ."

ಹೆಂಗಸರ ಕಡೆ ಸೆರಗುಗಳು ಕಣ್ಣಿಗೆ ಹೋದವು. ಮುಖ್ಯ ಅತಿಥಿಯಾಗಿ ಬಂದಿದ್ದ ಅಧಿಕಾರಿ ಕಣ್ಣು ಮುಚ್ಚಿಕೊಂಡರು.

"ಅದಕ್ಕೆ ಮಧ್ಯದಲ್ಲಿ ಒಂದು ಡಬ್ಬಿ ಇಡಬೇಕು. ಕೆಟ್ಟದ್ದೆಲ್ಲ ಅದರಲ್ಲಿ ನಿಲ್ತದೆ, ಒಳಕ್ಕೆ ಶುದ್ಧ ಗಾಳಿ ಮಾತ್ರ ಹೋಯ್ತದೆ. ಆಗಾಗ ಮುಚ್ಚಳ ತೆಗೆದು ಖಾಲಿ ಮಾಡ್ಬೇಕು. ಇಷ್ಟೇ ಸ್ವಾಮಿ ನಾನು ಮಾಡಿದ್ದು."

ಹಿಂದಿನಿಂದ ಒಬ್ಬ ಶಿಬಿರಾರ್ಥಿ ಎದ್ದು, "ಡಬ್ಬಿ ಅಂದ್ರೆ ಏನು ತಿಳ್ಕೋಬೇಕು ಸಾ?" ಎಂದು ಗದ್ಗದ ಕಂಠದಲ್ಲಿ ಕೇಳಿದ.

ಈಶ್ವರಯ್ಯನವರಿಗೆ ಸಾಕಾಗಿತ್ತು. "ಡಬ್ಬಿ ಅಂದ್ರೆ ಡಬ್ಬಿ ಕಣಪ್ಪ" ಎಂದರು.

ಭವನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧಿಕಾರಿ ತಮ್ಮ ಭಾಷಣದಲ್ಲಿ, ಇಂಥ ಅನುಭಾವದ ಮಾತನ್ನು ಮಠಗಳಲ್ಲೂ ಕೇಳಿಲ್ಲವೆಂದರು. ನಂಜಪ್ಪನವರು ಶಾಲು ಹೊದಿಸುವಾಗ ಅತ್ತುಬಿಟ್ಟರು. ಹಾರದ ಮೇಲಿಂದ ಈಶ್ವರಯ್ಯನವರು ಮಗಳ ಕಡೆ ನೋಡಿದರು. ಪ್ರೇಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡು ಅವರು ವೇದಿಕೆ ಇಳಿದು, ಜನರಿಂದ ಪಾದ ಬಿಡಿಸಿಕೊಂಡು, ಪಕ್ಕದ ಬಾಗಿಲಿನಿಂದ ಹೊರಗೆ ಬಂದರು.

ಸಿದ್ದೇಶ್ವರ ಅವರು ಅಲ್ಲಿ ಕಾಯುತ್ತ ನಿಂತಿದ್ದರು.

"ಒಳಗೆ ನಾರು ಹಾಕಿದ್ದೀರಾ?" ಎಂದು ಕೇಳಿದರು.

ಈಶ್ವರಯ್ಯನವರು ಬೆಪ್ಪಾಗಿ ನಿಂತರು. "ಯಾವುದರ ಒಳಗೆ?"

"ಡಬ್ಬಿ ಒಳಗೆ. ನಾರಿಲ್ದಿದ್ರೆ ಆವಿ ನಿಲ್ಲಲ್ಲ, ಹಂಗೇ ಸಾಗೋಯ್ತದೆ."

"ಸ್ಟೀಲ್ ನಾರು, ಪಾತ್ರೆ ಉಜ್ಜೋದು" ಎಂದರು ಈಶ್ವರಯ್ಯನವರು. ಮಗಳನ್ನು ಬಿಟ್ಟರೆ ಇಷ್ಟು ದಿನಗಳಲ್ಲಿ ಅವರ ಮಾತನ್ನು ಮಾತಾಗಿಯೇ ಕೇಳಿದ ಮೊದಲನೆಯ ಮನುಷ್ಯ ಎದುರಿಗೆ ನಿಂತಿದ್ದ.

"ನಮ್ಮ ಕೊಬ್ಬರಿ ವ್ಯಾನಿಗೂ ಇದೇ ರೋಗ ಬೀಗ್ರೇ. ನಂಜಪ್ಪನೋರು ಫೋನಲ್ಲಿ ಡಬ್ಬಿ, ಪೈಪು, ಹಾಸನದ ಶೆಡ್ಡು ಅಂದಾಗ್ಲೇ ಗೊತ್ತಾಯ್ತು. ಅವರಿಗೆ ಹೇಳಿದ್ರೆ ನನ್ನೂ ಶಿಬಿರಕ್ಕೆ ಸೇರಿಸ್ಕೊತಾರೆ ಅಂತ ಸುಮ್ನಾದೆ. ನಿಮ್ಮ ಹುಡುಗಿ ವಿಷಯ ಆವಾಗ್ಲೇ ತೀರ್ಮಾನ ಆಯ್ತು, ಅದರ ಮಾತೇನಿಲ್ಲ. ಮೊದ್ಲು ಡಬ್ಬಿ ತೋರ್ಸಿ."

ಬೀಗರಿಬ್ಬರೂ ಭವನದ ಹಿಂದೆ ನಿಲ್ಲಿಸಿದ್ದ ಕಾರಿನ ಬಳಿ ಹೋದರು. ಬಾನೆಟ್ ಎತ್ತಿದರು. ಎಷ್ಟು ಸೇರಿದೆ ನೋಡೋಣವೆಂದು ಸಿದ್ದೇಶ್ವರ ಅವರು ಊಟದ ಕಡೆಯಿಂದ ಒಂದು ಕಾಗದದ ಲೋಟ ತಂದರು. ಈಶ್ವರಯ್ಯನವರು ಹಾರವನ್ನು ಬೆನ್ನಿಗೆ ಸರಿಸಿ, ಡಬ್ಬಿ ಕಳಚಿ ಲೋಟಕ್ಕೆ ಬಗ್ಗಿಸಿದರು. ಸಿದ್ದೇಶ್ವರ ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತಂದು ಮೂಸಿ, "ನೀರಿನ ಅಂಶ ಕಮ್ಮಿ. ಒಳ್ಳೇ ಮಾಲು" ಎಂದು ಈಶ್ವರಯ್ಯನವರ ಕೈಗೆ ಕೊಟ್ಟರು. ಅವರೂ ಮೂಸಿ, ತೃಪ್ತಿಯಿಂದ ತಲೆಯಾಡಿಸಿದರು.

ಊಟಕ್ಕೆ ಕರೆಯಲು ಬಂದ ಜಯಲಕ್ಷ್ಮಮ್ಮನವರು ಮೂಲೆಯಲ್ಲಿ ಇದನ್ನು ಕಂಡು ನಿಂತುಬಿಟ್ಟರು. ಹಿಂದೆಯೇ ಬರುತ್ತಿದ್ದ ಪ್ರೇಮಕುಮಾರಿಯ ತೋಳು ಹಿಡಿದು ತಿರುಗಿಸಿ, "ಅತ್ಲಾಗೆ ಬ್ಯಾಡಿ ಪ್ರೇಮಕ್ಕ, ಕೆಸರದೆ" ಎಂದು ಮೆಲ್ಲಗೆ ಕರೆದುಕೊಂಡು ಹೋದರು. ಮದುವೆ ಮುಗಿಯುವವರೆಗೆ ಒಂದು ಮಾತೂ ಆಡಬಾರದೆಂದು ತೀರ್ಮಾನಿಸಿದರು; ಈ ಸಲ ಹಿಟ್ಟಿನ ಗಿರಣಿಯಲ್ಲೂ ಆಡಲಿಲ್ಲ. ಊಟವಾದ ಮೇಲೆ ಮಾತ್ರ ನಂಜಪ್ಪನವರನ್ನು ಒಂದು ಬದಿಗೆ ಕರೆದು, ಮುಂದಿನ ವರ್ಷದ ಶಿಬಿರಕ್ಕೆ ಚನ್ನರಾಯಪಟ್ಟಣದ ಬೀಗರ ಹೆಸರನ್ನು ಸೇರಿಸಿಕೊಳ್ಳಲು ಹೇಳಿದರು.